ಯಾರ ಹತ್ತಿರವೂ ಇಲ್ಲದ ಕಾರು ಕಟ್ಟಿಸಬಹುದಾ? ಕಾರಟಗಿಯ ಓದುಗರಿಗೆ ಉತ್ತರ

ಪ್ರಶ್ನೆ: ನಾನು ಕಾರಟಗಿಯಲ್ಲಿ ಅಕ್ಕಿ ಮಿಲ್ ನಡೆಸುತ್ತೇನೆ. ನಮ್ಮ ಕಡೆ ಈಗ ದೊಡ್ಡ ಕಾರುಗಳಿಗೆ ಬರ ಇಲ್ಲ. ಗಂಗಾವತಿ, ಸಿಂಧನೂರು ಕಡೆ ಯಾವ ಮದುವೆಗೆ ಹೋದರೂ ಒಂದೇ ತರದ ಬಿಳಿ ಎಸ್‌ಯುವಿಗಳು ಸಾಲಾಗಿ ನಿಂತಿರುತ್ತವೆ. ನನಗೆ ಅದು ಬೇಡ. ರೋಲ್ಸ್ ರಾಯ್ಸ್‌ನವರು ಗಿರಾಕಿಯ ಮನಸ್ಸಿಗೆ ಬಂದ ಹಾಗೆ ಕಾರು ಕಟ್ಟಿಕೊಟ್ಟ ವಿಡಿಯೊ ನೋಡಿದೆ, ಹಿಂದೆ ದೋಣಿಯ ಆಕಾರ ಇತ್ತು. ನಾನು 1.5 ಕೋಟಿವರೆಗೆ ಹಾಕಲು ತಯಾರಿದ್ದೇನೆ. ಹೊರ ರಾಜ್ಯದ ಒಬ್ಬ ಬಾಡಿ ಬಿಲ್ಡರ್ ಸಿಕ್ಕಿದ್ದಾನೆ. ನನ್ನ ಹಳೆಯ ಎಸ್‌ಯುವಿಯ ಚಾಸಿಸ್, ಅಂದರೆ ಕೆಳಗಿನ ಚೌಕಟ್ಟಿನ ಮೇಲೆ ಪೂರ್ತಿ ಹೊಸ ಬಾಡಿ ಕೂರಿಸುತ್ತಾನಂತೆ. 40 ಲಕ್ಷ ಆಗುತ್ತೆ, ಅರ್ಧ ಮುಂಗಡ ಕೊಡಿ ಅನ್ನುತ್ತಾನೆ. ತಂದೆಯವರ 1974ರ ಅಂಬಾಸಿಡರ್ ಮಿಲ್ಲಿನ ಶೆಡ್‌ನಲ್ಲಿ ನಿಂತಿದೆ, ಬೇಕಾದರೆ ಅದರ ಮೇಲೂ ಕಟ್ಟಬಹುದಂತೆ. "ಲಾರಿಗೆ ಬಾಡಿ ಕಟ್ಟಿಸಲ್ವಾ, ಇದೂ ಹಾಗೇ" ಅನ್ನೋದು ಅವನ ಮಾತು. ಏನು ಮಾಡಲಿ?

ಉತ್ತರ: ಸಾಹುಕಾರರೇ, ಮೊದಲು ಮುಂಗಡದ ವಿಷಯ. ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಗಾಡಿಯನ್ನಾದರೂ ಕಳಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. ನಿಮ್ಮ ದುಡ್ಡಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಕಾರು ಖಂಡಿತ ಆಗುತ್ತದೆ. ಆದರೆ ಅದು ಬೇರೆಯಾಗಿ ಕಾಣಬೇಕಾದ್ದು ಬಣ್ಣದಲ್ಲಿ, ಒಳಗಿನ ಕೆಲಸದಲ್ಲಿ. ಹೊರಗಿನ ತಗಡಿಗೆ ಕೈ ಹಾಕಬಾರದು. ಇನ್ನು ಆ ಅಂಬಾಸಿಡರ್ ಇದೆಯಲ್ಲ, ಅದನ್ನು ಈ ಬಿಲ್ಡರ್ ಕೈಗೆ ಮಾತ್ರ ಕೊಡಬೇಡಿ.

ನೀವು ನೋಡಿದ್ದು ರೋಲ್ಸ್ ರಾಯ್ಸ್ ಬೋಟ್ ಟೇಲ್ ಇರಬೇಕು. 2021ರಲ್ಲಿ ಹೊರಗೆ ಬಂತು. ಉದ್ದ ಸುಮಾರು 5.8 ಮೀಟರ್. ಹಿಂಭಾಗದ ಮುಚ್ಚಳ ಎರಡು ರೆಕ್ಕೆಯ ಹಾಗೆ ತೆರೆದುಕೊಳ್ಳುತ್ತದೆ. ಒಳಗೆ ತಂಪು ಪೆಟ್ಟಿಗೆ, ಊಟದ ಸಾಮಾನು, ಜೊತೆಗೊಂದು ದೊಡ್ಡ ಛತ್ರಿ. ಕಾರಟಗಿಯ ಮೇ ತಿಂಗಳಿಗೆ ಆ ಛತ್ರಿ ಏನೇನೂ ಸಾಲದು, ಆ ಮಾತು ಬೇರೆ. ಅಂಥ ಬಾಡಿ ಮೂರು ಮಾತ್ರ ಮಾಡಿದರು, ಮೂರೂ ಒಳಗೆ ಹೊರಗೆ ಬೇರೆ ಬೇರೆ. ಅದಕ್ಕಾಗಿಯೇ ಹೊಸದಾಗಿ ತಯಾರಿಸಿದ ಬಿಡಿಭಾಗಗಳು 1,813. ಹಿಡಿದ ಕಾಲ ನಾಲ್ಕು ವರ್ಷ. ಅದಕ್ಕೂ ಮುಂಚೆ 2017ರಲ್ಲಿ ಸ್ವೆಪ್‌ಟೇಲ್ ಅಂತ ಒಂದೇ ಒಂದು ಕಾರನ್ನು ಅದೇ ಕಂಪನಿ ಒಬ್ಬ ಗಿರಾಕಿಗೆ ಕಟ್ಟಿಕೊಟ್ಟಿತ್ತು. 2019ರಲ್ಲಿ ಬುಗಾಟಿ ತೋರಿಸಿದ ಲಾ ವಾತ್ಯೂರ್ ನ್ವಾರ್ ಕೂಡ ಒಂದೇ. ತೆರಿಗೆ ಬಿಟ್ಟು ಅದರ ಬೆಲೆ 1.1 ಕೋಟಿ ಯೂರೊ. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಯ ಆಸುಪಾಸು.

ಬೆಲೆ ನೋಡಿ ಹೆದರಿಸಬೇಕು ಅಂತ ಇದನ್ನು ಹೇಳುತ್ತಿಲ್ಲ. ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದು ಮುಖ್ಯ. ಚಿನ್ನ, ಚರ್ಮ, ಮರ ಇವೆಲ್ಲ ಅದರಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಹೋಗೋದು ಎಂಜಿನಿಯರಿಂಗ್‌ಗೆ. ಮೊದಲು ಚಿತ್ರ ಬರೆಯುತ್ತಾರೆ, ಆಮೇಲೆ ಪೂರ್ಣ ಅಳತೆಯ ಜೇಡಿಮಣ್ಣಿನ ಮಾದರಿ ಮಾಡುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್‌ಗೆ ತರುತ್ತಾರೆ. ಹೊಸ ಆಕಾರದಲ್ಲಿ ಗಾಳಿ ಹೇಗೆ ಹರಿಯುತ್ತೆ, ಬಾಗಿಲು ಮುಚ್ಚಿದಾಗ ಗಾಜು ಅದುರುತ್ತಾ, ಡಿಕ್ಕಿ ಹೊಡೆದರೆ ಏನಾಗುತ್ತೆ, ಎಲ್ಲಾ ಲೆಕ್ಕ ಹಾಕುತ್ತಾರೆ. ಆಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಕೈಯಲ್ಲಿ ಬಡಿದು ರೂಪ ಕೊಡುತ್ತಾರೆ. ಬಡಿಯುವುದೊಂದನ್ನು ಬಿಟ್ಟರೆ ಒಂದು ಕಾರಿಗಾದರೂ ಇಷ್ಟೇ ಕೆಲಸ, ಸಾವಿರ ಕಾರಿಗಾದರೂ ಇಷ್ಟೇ ಕೆಲಸ. ಸಾವಿರ ಕಾರು ಮಾಡುವವರು ಖರ್ಚನ್ನು ಸಾವಿರಕ್ಕೆ ಹಂಚುತ್ತಾರೆ. ಒಂದೇ ಮಾಡಿಸುವವನು ಪೂರ್ತಿ ಒಬ್ಬನೇ ಹೊರಬೇಕು. 40 ಲಕ್ಷಕ್ಕೆ ಆಗುತ್ತೆ ಅಂದರೆ ಆ ಕೆಲಸ ಆಗುವುದೇ ಇಲ್ಲ ಅಂತ ಅರ್ಥ ಮಾಡಿಕೊಳ್ಳಿ. ತಗಡು ಬಡಿದು, ಫೈಬರ್ ಕೂರಿಸಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಕೊಡುತ್ತಾರೆ, ಅಷ್ಟೇ.

"ಹಿಂದೆ ರಾಜರು ಮಾಡಿಸುತ್ತಿದ್ದರಲ್ಲ" ಅಂತ ನೀವು ಕೇಳಬಹುದು. ಮಾಡಿಸುತ್ತಿದ್ದರು. ನಮ್ಮ ಸೀಮೆಗೆ ಸಂಬಂಧಪಟ್ಟದ್ದೇ ಒಂದು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಆರ್ಡರ್ ಮಾಡಿದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್. ಹಿಂದಿನ ಸೀಟು ಸಿಂಹಾಸನದ ಹಾಗೆ ಎತ್ತರಕ್ಕಿದೆ. ಕಾರು ಬರುವ ಮುಂಚೆಯೇ, 1911ರಲ್ಲಿ, ಅವರು ತೀರಿಕೊಂಡಿದ್ದರು. ಮಗ ಉಸ್ಮಾನ್ ಅಲಿ ಖಾನ್ ಅದನ್ನು ಮೆರವಣಿಗೆಗಳಿಗೆ ಮಾತ್ರ ಹೊರಗೆ ತೆಗೆಯುತ್ತಿದ್ದರು. ಹೀಗಾಗಿ ದಶಕಗಳಲ್ಲಿ ಅದು ಓಡಿದ್ದು ಬರೀ 356 ಮೈಲಿ. ಆಗ ರಾಯಚೂರು, ಕೊಪ್ಪಳ ಎರಡೂ ನಿಜಾಮರ ರಾಜ್ಯದಲ್ಲಿದ್ದವು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಆ ಸಿಂಹಾಸನದ ಬಿಲ್ಲಿನಲ್ಲಿ ನಮ್ಮ ಅಜ್ಜಂದಿರ ಕಂದಾಯವೂ ಒಂದಿಷ್ಟು ಇದ್ದೇ ಇರಬೇಕು.

ಆ ಕಾರು ಹಾಗೆ ಆಗಲು ಸುಲಭವಾದ ಒಂದು ಕಾರಣ ಇತ್ತು. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಬಾಡಿ ಮಾಡುತ್ತಲೇ ಇರಲಿಲ್ಲ. ಎಂಜಿನ್, ಗೇರ್, ಚಕ್ರ ಎಲ್ಲಾ ಕೂರಿಸಿದ ಚಾಸಿಸ್ ಮಾರುತ್ತಿತ್ತು. ಬಾಡಿಯನ್ನು ಲಂಡನ್ನಿನ ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿ ತರದ ಕಂಪನಿಗಳು ಕಟ್ಟುತ್ತಿದ್ದವು. ಇವರಲ್ಲಿ ಹೆಚ್ಚಿನವರು ಮೊದಲು ಕುದುರೆ ಸಾರೋಟು ಕಟ್ಟುತ್ತಿದ್ದವರು. ನಿಜಾಮರದ್ದು ಬಾರ್ಕರ್ ಬಾಡಿ. ಅಂದರೆ ನಿಮ್ಮ ಬಿಲ್ಡರ್ ಹೇಳಿದ ಲಾರಿ ಲೆಕ್ಕ ಆಗ ಕಾರಿಗೂ ನಡೆಯುತ್ತಿತ್ತು. ಭಾರ ಹೊರುವುದು ಕೆಳಗಿನ ಚಾಸಿಸ್. ಮೇಲೆ ಏನು ಕಟ್ಟಿದರೂ ಗಾಡಿ ಓಡುತ್ತದೆ.

ಆಮೇಲೆ ಮೊನೊಕಾಕ್ ಬಂತು. ರೋಲ್ಸ್ ರಾಯ್ಸ್‌ನಲ್ಲಿ ಅದು ಮೊದಲು ಬಂದದ್ದು 1965ರ ಸಿಲ್ವರ್ ಶ್ಯಾಡೊದಲ್ಲಿ. ಮೊನೊಕಾಕ್‌ನಲ್ಲಿ ಬೇರೆ ಚಾಸಿಸ್ ಅಂತ ಇರುವುದಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಸಿಲ್, ಕಂಬಗಳು, ಮೇಲ್ಛಾವಣಿ ಎಲ್ಲಾ ಒಂದಕ್ಕೊಂದು ಬೆಸುಗೆಯಾಗಿ ಒಟ್ಟಿಗೆ ಭಾರ ಹೊರುತ್ತವೆ. ನಮ್ಮ ಹಳ್ಳಿಗಳ ಕಲ್ಲುಗೋಡೆಯ ಮಾಳಿಗೆ ಮನೆ ಇದ್ದ ಹಾಗೆ. ಪಿಲ್ಲರ್ ಇಲ್ಲ, ಗೋಡೆ ತೆಗೆದರೆ ಮಾಳಿಗೆ ಕೂರುತ್ತದೆ. ಬೇರೆ ಬಾಡಿ ಕಟ್ಟಿಸುವ ಪದ್ಧತಿ ಹೋಗಿದ್ದಕ್ಕೆ ಇದೇ ದೊಡ್ಡ ಕಾರಣ. ಈಗ ಅದು ಮತ್ತೆ ಬಂದಿದ್ದರೆ ಅದಕ್ಕೆ ಕಾರಣ ಇದು: ರೋಲ್ಸ್ ರಾಯ್ಸ್ 2017ರ ಫ್ಯಾಂಟಮ್‌ನಿಂದ ಈಚೆಗೆ ಉದ್ದ ಅಗಲ ಬದಲಿಸಬಹುದಾದ ಅಲ್ಯೂಮಿನಿಯಂ ಸ್ಪೇಸ್‌ಫ್ರೇಮ್ ಮಾಡಿಕೊಂಡಿದೆ. ಆ ಚೌಕಟ್ಟು ಅವರದ್ದು, ಅದರ ಲೆಕ್ಕವೂ ಅವರ ಹತ್ತಿರ ಮಾತ್ರ ಇದೆ.

ಅಂಬಾಸಿಡರ್ ಗಟ್ಟಿ ಗಾಡಿ, ಹಾಗಾಗಿ ಲಾರಿ ತರ ಚಾಸಿಸ್ ಇರುತ್ತೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ನಕಲು, ಹುಟ್ಟಿನಿಂದಲೇ ಮೊನೊಕಾಕ್. "ಅದರ ಮೇಲೂ ಕಟ್ಟಬಹುದು" ಅಂದವನಿಗೆ ಒಂದೇ ಪ್ರಶ್ನೆ ಕೇಳಿ: ಬಾಡಿ ಕಳಚಿದ ಮೇಲೆ ಕೆಳಗೆ ಉಳಿಯುವುದೇನು? ಅವನ ಉತ್ತರದಲ್ಲೇ ಅವನ ಕೆಲಸ ಎಷ್ಟು ಅಂತ ಗೊತ್ತಾಗುತ್ತೆ.

ನಿಮ್ಮ ಎಸ್‌ಯುವಿ ಯಾವುದು ಅಂತ ಬರೆದಿಲ್ಲ. ಸ್ಕಾರ್ಪಿಯೊ, ಬೊಲೆರೊ, ಫಾರ್ಚುನರ್ ಇಂಥವಾದರೆ ಕೆಳಗೆ ನಿಜವಾಗಿಯೂ ಲ್ಯಾಡರ್ ಫ್ರೇಮ್, ಅಂದರೆ ಏಣಿಯಂಥ ಬೇರೆ ಚಾಸಿಸ್ ಇದೆ. ಬಾಡಿ ಎತ್ತಿ ಇಳಿಸಬಹುದು. ಕೆಲಸ ಆಗುತ್ತೆ. ಆದರೆ ಆರ್‌ಟಿಒ ಬಾಗಿಲಲ್ಲಿ ನಿಲ್ಲುತ್ತದೆ.

ಲಾರಿಯ ಮಾತಿಗೆ ಉತ್ತರ ಇಲ್ಲಿದೆ. ಲಾರಿ ಕಂಪನಿ ಚಾಸಿಸ್ ಮಾರುವುದೇ ಬಾಡಿ ಬೇರೆಯವರು ಕಟ್ಟಲಿ ಅಂತ. ಅದಕ್ಕೆ ಫಾರಂ 22-ಎ ಅಂತ ಇದೆ. ಒಂದು ಭಾಗಕ್ಕೆ ಚಾಸಿಸ್ ಕಂಪನಿ ಸಹಿ ಹಾಕುತ್ತದೆ, ಇನ್ನೊಂದು ಭಾಗಕ್ಕೆ ಬಾಡಿ ಕಟ್ಟಿದವರು. ಆಮೇಲೆ ನೋಂದಣಿ. ಲಾರಿಗೂ ಬಸ್ಸಿಗೂ ಬಾಡಿ ಹೀಗೇ ಇರಬೇಕು ಅಂತ ಪ್ರತ್ಯೇಕ ನಿಯಮಾವಳಿಗಳೂ ಇವೆ. ಕಾರಿಗೆ ಈ ದಾರಿಯೇ ಇಲ್ಲ. ಕಾರು ಕಂಪನಿ ಒಂದು ಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್ ತರದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ತಗೊಂಡಿರುತ್ತದೆ. ನಿಮ್ಮ ಆರ್‌ಸಿ ನಿಂತಿರುವುದು ಆ ಒಪ್ಪಿಗೆಯ ಮೇಲೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹೇಳುವುದು ಇಷ್ಟು: ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು. ಅದರ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಅದು ಮಾಲೀಕನಿಗೆ. ಬಾಡಿ ಕಟ್ಟಿದವನಿಗೆ ಅಂತ ತಿಳಿದು ನಿಶ್ಚಿಂತೆಯಿಂದ ಇರಬೇಡಿ.

"ನಾನು ಆರ್‌ಟಿಒ ನೋಡಿಕೊಳ್ತೀನಿ" ಅಂತ ಬಿಲ್ಡರ್ ಹೇಳೇ ಹೇಳುತ್ತಾನೆ. ನೋಡಿಕೊಂಡ ಅಂತಲೇ ಇಟ್ಟುಕೊಳ್ಳಿ. ಇನ್ಶೂರೆನ್ಸ್ ಯಾರು ನೋಡಿಕೊಳ್ಳೋದು? ಪಾಲಿಸಿಯಲ್ಲಿ ಇರುವ ಗಾಡಿ ಒಂದು, ರಸ್ತೆಯಲ್ಲಿ ಇರುವ ಗಾಡಿ ಇನ್ನೊಂದು. ಸಣ್ಣ ಕ್ಲೇಮ್ ತಿರಸ್ಕಾರ ಆದರೆ ನಿಮಗೆ ನಷ್ಟ, ಅಷ್ಟೇ. ಆದರೆ ಅಪಘಾತದಲ್ಲಿ ಯಾರಿಗಾದರೂ ಜೀವ ಹೋಗಿ, ಗಾಡಿಯನ್ನು ಕಾನೂನು ಮೀರಿ ಬದಲಾಯಿಸಲಾಗಿತ್ತು ಅಂತ ಕೋರ್ಟಿನಲ್ಲಿ ಬಂದರೆ, ಪರಿಹಾರದ ಹಣಕ್ಕೆ ಇನ್ಶೂರೆನ್ಸ್ ಕಂಪನಿ ನಿಮ್ಮ ಮೇಲೆ ಬೀಳಬಹುದು. ಮಿಲ್ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಬಿಡಿ, ಬಿಸಿಲಿನ ಮಾತು ಕೇಳಿ. ನನ್ನ ಪ್ರಕಾರ ಇದೇ ದೊಡ್ಡದು, ಮತ್ತೆ ಇದನ್ನು ಯಾರೂ ಹೇಳುವುದಿಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಕಾರಿನ ಮುಂದಿನ ಗ್ರಿಲ್ ಅಂದಕ್ಕೆ ಇಟ್ಟದ್ದಲ್ಲ. ಅದರ ಹಿಂದೆ ಮೊದಲು ಎಸಿ ಕಂಡೆನ್ಸರ್, ಆಮೇಲೆ ರೇಡಿಯೇಟರ್ ಇರುತ್ತವೆ. ಟರ್ಬೊ ಗಾಡಿಯಾದರೆ ಇಂಟರ್‌ಕೂಲರ್ ಕೂಡ. ಎಷ್ಟು ಚದರ ಇಂಚು ಬಾಯಿ ಬೇಕು, ಒಳಗೆ ಬಂದ ಗಾಳಿ ಎಲ್ಲಿಂದ ಹೊರಗೆ ಹೋಗಬೇಕು ಅಂತ ಕಂಪನಿಗಳು ಮರುಭೂಮಿಯಲ್ಲಿ ಓಡಿಸಿ ನೋಡಿರುತ್ತವೆ. ಹೊಸ ಬಾಡಿಯಲ್ಲಿ ಮುಂಭಾಗ ಚಂದ ಕಾಣಲಿ ಅಂತ ಆ ಬಾಯಿಯನ್ನು ಅರ್ಧ ಮುಚ್ಚುತ್ತಾರೆ. ಡಿಸೆಂಬರ್‌ನಲ್ಲಿ ಡೆಲಿವರಿ ಕೊಟ್ಟಾಗ ಏನೂ ಗೊತ್ತಾಗಲ್ಲ. ಮೇ ತಿಂಗಳ ಮಧ್ಯಾಹ್ನ ಲಿಂಗಸುಗೂರು ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರ್ ಹಿಂದೆ ಸೆಕೆಂಡ್ ಗೇರ್‌ನಲ್ಲಿ ಹೋಗುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಮೊದಲು ಎಸಿ ಬಿಸಿ ಗಾಳಿ ಬಿಡುತ್ತದೆ, ಆಮೇಲೆ ಎಂಜಿನ್ ಕುದಿಯುತ್ತದೆ.

ಇನ್ನು ನಮ್ಮ ರಸ್ತೆ. ಎರೆ ನೆಲದ ಮೇಲೆ ಹಾಕಿದ ಡಾಂಬರು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಅಲೆ ಅಲೆಯಾಗುತ್ತದೆ. ರೋಡ್ ಹಂಪ್ಸ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮ ಹಳ್ಳಿಯ ಹಂಪ್ಸ್ ಅದನ್ನು ಓದಿಲ್ಲ. ಉದ್ದ ಬಾಡಿ, ತಗ್ಗು ಗಾಡಿ ಎರಡೂ ಸೇರಿದರೆ ಹೊಟ್ಟೆ ಉಜ್ಜುವುದು ಗ್ಯಾರಂಟಿ.

ಈಗ ಮುಂಗಡ ಯಾಕೆ ಕೊಡಬಾರದು ಅನ್ನುವುದಕ್ಕೆ ಬರುತ್ತೇನೆ. ಒಂದೇ ಒಂದು ಕಾರು ಅಂದರೆ ಅದರ ಬಿಡಿಭಾಗವೂ ಜಗತ್ತಿನಲ್ಲಿ ಒಂದೇ ಒಂದು. ಮುಂದಿನ ಗಾಜು ತಗೊಳ್ಳಿ. ಬಾಗಿದ ಲ್ಯಾಮಿನೇಟೆಡ್ ಗಾಜು ಮಾಡಲು ಅದರದ್ದೇ ಅಚ್ಚು ಬೇಕು. ಒಂದು ಗಾಜಿಗೆ ಅಚ್ಚು ಮಾಡುವವರು ಸಿಗುವುದಿಲ್ಲ. ಸಿಕ್ಕರೂ ಅಚ್ಚಿನ ಬೆಲೆ ಕೇಳಿ ಸುಮ್ಮನಾಗುತ್ತೀರಿ. ಅದಕ್ಕೇ ಇಂಥ ಬಿಲ್ಡರ್‌ಗಳು ಯಾವುದೋ ಕಾರಿನ ಗಾಜು, ಇನ್ನಾವುದರದ್ದೋ ಹೆಡ್‌ಲೈಟು ತಂದು ಅದರ ಸುತ್ತ ಬಾಡಿ ಎಬ್ಬಿಸುತ್ತಾರೆ. ಯಾವ ಕಾರಿನದು ಅಂತ ಬಿಲ್ಲಿನಲ್ಲಿ ಬರೆಯಲ್ಲ. ನಾನು ನೋಡಿದ ಅಂಥ ಒಂದು ಗಾಡಿಗೆ ತೋರಣಗಲ್ಲು ಹತ್ತಿರ ಅದಿರು ಲಾರಿಯಿಂದ ಕಲ್ಲು ಹಾರಿ ಗಾಜು ಬಿರುಕು ಬಿಟ್ಟಿತ್ತು. ಕಟ್ಟಿದವನು ಆಗಲೇ ಅಂಗಡಿ ಮುಚ್ಚಿದ್ದ. ಗಾಜು ಯಾವುದು ಅಂತ ಪತ್ತೆ ಹಚ್ಚುವುದೇ ದೊಡ್ಡ ಕೆಲಸ ಆಯಿತು. ಅಷ್ಟು ದಿನವೂ ಆ ಐಷಾರಾಮಿ ಕಾರಿನ ಮುಂದೆ ಪ್ಲಾಸ್ಟಿಕ್ ಹಾಳೆ. ದುಡ್ಡು ಮೊದಲೇ ಬಿಲ್ಡರ್ ಕೈ ಸೇರಿದರೆ ನಿಮಗೂ ಇದೇ ಗತಿ ಬರಬಹುದು.

ಹೊಸ ಕಾರುಗಳಲ್ಲಿ ಇನ್ನೊಂದು ತೊಡಕು ಸೇರಿದೆ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇರುವ ಗಾಡಿಗಳಲ್ಲಿ ಬಂಪರ್ ಅಥವಾ ಗ್ರಿಲ್ ಹಿಂದೆ ರೇಡಾರ್, ಮುಂದಿನ ಗಾಜಿನ ಒಳಗೆ ಕ್ಯಾಮೆರಾ ಇರುತ್ತವೆ. ಅದರ ಮುಂದೆ ದಪ್ಪ ಪುಟ್ಟಿ, ಲೋಹದ ಕಣ ಇರುವ ಬಣ್ಣ ಬಂದರೆ ರೇಡಾರ್ ತಪ್ಪು ನೋಡುತ್ತದೆ. ಏರ್‌ಬ್ಯಾಗಿನ ಸೆನ್ಸರ್‌ಗಳು ಕೂಡ ಎಲ್ಲಿ ಎಷ್ಟು ತಗಡು ಮಡಚಿಕೊಳ್ಳುತ್ತೆ ಅನ್ನುವ ಲೆಕ್ಕದ ಮೇಲೆ ಕೂತಿವೆ. ಕಾರಿನ ತಗಡು ಈಗ ಬರೀ ತಗಡಲ್ಲ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲೇ ಕಾರು ಕಂಪನಿಗಳಿಗೆ ಬೇಕಾದ ಉಕ್ಕಿನ ಹಾಳೆ ಉರುಳುತ್ತದೆ. ಅಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ, ಒಂದೇ ಕಾರಿನಲ್ಲಿ ಎಷ್ಟು ಬಗೆಯ ಉಕ್ಕು ಇರುತ್ತೆ ಅಂತ. ಹೆಚ್ಚು ಬಲದ ಉಕ್ಕಿಗೆ ಗ್ಯಾಸ್ ಕಟರ್ ಬೆಂಕಿ ತಾಗಿದರೆ ಆ ಬಲ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಹೊರದೇಶದಿಂದ ತರಿಸುವ ಯೋಚನೆ ಬಂದರೆ ಲೆಕ್ಕ ಬೇಗ ಮುಗಿಸೋಣ. ಗಾಡಿ ಬಲಗಡೆ ಸ್ಟಿಯರಿಂಗ್‌ನದ್ದೇ ಆಗಿರಬೇಕು. 2025ರ ಬಜೆಟ್ ನಂತರ 40,000 ಡಾಲರ್ ಮೀರಿದ ಕಾರಿಗೆ ಮೂಲ ಸುಂಕ 70%, ಕೃಷಿ ಸೆಸ್ 40%, ಸೇರಿ 110%. ಅದರ ಮೇಲೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ 40%. ಅಂದರೆ 100 ರೂಪಾಯಿಯ ಕಾರು ಬಂದರಿನಿಂದ ಹೊರಬರುವಾಗ 294. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ 18%, ಅದರ ಮೇಲೆ ಸೆಸ್. ಕೊನೆಗೆ 350ರ ಹತ್ತಿರ ಬಂದು ನಿಲ್ಲುತ್ತದೆ. ದರಗಳು ಬದಲಾಗುತ್ತಿರುತ್ತವೆ, ಆ ದಿನದ್ದು ಕೇಳಿಕೊಳ್ಳಿ. ಹೇಗೆ ನೋಡಿದರೂ 1.5 ಕೋಟಿಯಲ್ಲಿ ಆ ದಾರಿ ಇಲ್ಲ.

ಹಾಗಾದರೆ ಏನು ಮಾಡಬೇಕು? ಇಲ್ಲೇ ಜೋಡಿಸುವ ಒಳ್ಳೆಯ ಕಾರು ತಗೊಳ್ಳಿ. ಮರ್ಸಿಡಿಸ್ ಪುಣೆಯ ಚಾಕಣದಲ್ಲಿ, ಬಿಎಂಡಬ್ಲ್ಯೂ ಚೆನ್ನೈನಲ್ಲಿ ಬಹಳಷ್ಟು ಮಾದರಿ ಜೋಡಿಸುತ್ತವೆ. ಹಾಗಾಗಿ ಮೇಲೆ ಹೇಳಿದ ಆಮದು ಸುಂಕ ಪೂರ್ತಿ ಬೀಳುವುದಿಲ್ಲ. ಯಾವ ಕಂಪನಿ ಅನ್ನುವುದಕ್ಕಿಂತ ಹತ್ತಿರದ ಸರ್ವಿಸ್ ಸೆಂಟರ್ ಹುಬ್ಬಳ್ಳಿಯೋ, ಹೈದರಾಬಾದೋ, ಬೆಂಗಳೂರೋ ಅಂತ ಮೊದಲು ಕೇಳಿ. ಎತ್ತರದ ಗಾಡಿಯನ್ನೇ ಆರಿಸಿ. ಶೋರೂಮಿನಲ್ಲಿ ನಿಂತದ್ದನ್ನು ಒಯ್ಯಬೇಡಿ. ಗಿರಾಕಿ ಕೇಳಿದ ಹಾಗೆ ಮಾಡಿಕೊಡುವ ವ್ಯವಸ್ಥೆಗೆ ಬಿಎಂಡಬ್ಲ್ಯೂದಲ್ಲಿ ಇಂಡಿವಿಜುವಲ್, ಮರ್ಸಿಡಿಸ್‌ನಲ್ಲಿ ಮಾನುಫಾಕ್ಟುರ್ ಅಂತ ಹೆಸರು. ಬೇರೆಯವರು ಕೇಳದ ಬಣ್ಣ, ಚರ್ಮ, ಮರ ಕಂಪನಿಯಿಂದಲೇ ಬರುತ್ತದೆ. ಯಾವ ಮಾದರಿಗೆ ಏನು ಸಿಗುತ್ತೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಕಾಯಬೇಕಾಗುತ್ತದೆ, ಕಾಯಿರಿ. ಕಂಪನಿಯ ಬಣ್ಣ ಆರ್‌ಸಿಯಲ್ಲೇ ಬರುತ್ತದೆ, ಯಾರೂ ಕೇಳುವ ಹಾಗಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಹೊಳಪಿಲ್ಲದ ಮ್ಯಾಟ್ ಬಣ್ಣ ಈಗ ಫ್ಯಾಷನ್. ನಮ್ಮ ಭಾಗಕ್ಕೆ ಬೇಡ. ಗೀರು ಬಿದ್ದರೆ ಮ್ಯಾಟ್ ಬಣ್ಣವನ್ನು ಪಾಲಿಶ್ ಮಾಡಿ ತೆಗೆಯಲು ಆಗುವುದಿಲ್ಲ, ಹೊಳಪು ಬಂದು ಕಲೆಯಾಗುತ್ತದೆ. ಬಳ್ಳಾರಿ ಕಡೆಯ ಅದಿರಿನ ದೂಳು ಗಟ್ಟಿ ಕಣ. ಡ್ರೈವರ್ ಬೆಳಗ್ಗೆ ಎದ್ದು ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಮಿಲ್ಲಿನಲ್ಲಿ ಹೊಟ್ಟಿನ ದೂಳು ಬೇರೆ. ಮೊದಲು ನೀರು ಹರಿಸಿ ದೂಳು ಇಳಿಸಬೇಕು, ಆಮೇಲೆ ಬಟ್ಟೆ. ಕಪ್ಪು ಬೇಡ. ತಿಳಿ ಬಣ್ಣವಿದ್ದರೆ ಬಿಸಿಲೂ ಕಮ್ಮಿ ಹೀರುತ್ತದೆ.

ನಿಮ್ಮ ಕಾರು ನಿಜವಾಗಿ ಬೇರೆಯಾಗುವುದು ಇಲ್ಲಿಂದ ಮುಂದೆ. ಬೋಟ್ ಟೇಲ್ ನಂತರ ರೋಲ್ಸ್ ರಾಯ್ಸ್ 2023ರಲ್ಲಿ ಲಾ ರೋಸ್ ನ್ವಾರ್ ಅನ್ನುವ ಕಾರು ತೋರಿಸಿತು. ಅದರ ಒಳಗೆ 1,603 ಮರದ ತುಣುಕುಗಳನ್ನು ಕೈಯಲ್ಲಿ ಜೋಡಿಸಿ ಗುಲಾಬಿ ಎಸಳು ಉದುರಿದ ಹಾಗೆ ಮಾಡಿದ್ದಾರೆ. ಜನ ಬಾಯಿಬಿಟ್ಟು ನೋಡಿದ್ದು ಅದನ್ನೇ. ಮರದ ಮೇಲಿನ ಕೈಕೆಲಸಕ್ಕೆ ನೀವು ಇಂಗ್ಲೆಂಡಿಗೆ ಹೋಗಬೇಕಾ? ಕೊಪ್ಪಳದ ಪಕ್ಕದಲ್ಲೇ ಕಿನ್ನಾಳ ಇದೆಯಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳ ಜೊತೆ ಹೆಸರು ಹೇಳಿಕೊಳ್ಳುವ ಚಿತ್ರಗಾರರ ಮನೆತನಗಳು ಅಲ್ಲಿವೆ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನ ಜೊತೆ ಮರದ ಪುಡಿ ಕಲಸಿದ ಕಿಟ್ಟ ಹಚ್ಚಿ, ಅದರ ಮೇಲೆ ಬಣ್ಣ ಕೂರಿಸುತ್ತಾರೆ. ಆ ಕಲೆಗೆ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನುವ ಮಾನ್ಯತೆ ಇದೆ. ಸಂಡೂರಿನ ಲಂಬಾಣಿ ಕಸೂತಿಗೂ ಇದೆ. ಅಲ್ಲಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಇವತ್ತಿಗೂ ಸೂಜಿ ಕೆಲಸ ಮಾಡುತ್ತಾರೆ. ಹಿಂದಿನ ಬಾಗಿಲಿನ ಮರದ ಪಟ್ಟಿಗೆ ಕಿನ್ನಾಳದ ಬಳ್ಳಿ, ತಲೆ ಒರಗಿಸುವ ದಿಂಬಿಗೆ ಸಂಡೂರಿನ ಕಸೂತಿ. ಇದು ಮುಂಬೈಯ ಯಾವ ಶ್ರೀಮಂತನ ಹತ್ತಿರವೂ ಇರಲಿಕ್ಕಿಲ್ಲ.

ಆದರೆ ಇದನ್ನೂ ಅರಿತು ಮಾಡಿಸಬೇಕು. ಕಿನ್ನಾಳದ ಕೆಲಸ ಡ್ಯಾಶ್‌ಬೋರ್ಡ್ ಮೇಲೆ ಬೇಡ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲಾರದಷ್ಟು ಕಾಯುತ್ತದೆ, ಅಂಟು ಬಿರುಕು ಬಿಡುತ್ತದೆ. ಜೊತೆಗೆ ಅದರ ಹಿಂದೆ ಏರ್‌ಬ್ಯಾಗ್ ಇದೆ. ನೆರಳು ಬೀಳುವ ಜಾಗ, ಅಂದರೆ ಬಾಗಿಲಿನ ಕೆಳಪಟ್ಟಿ, ನಡುವಿನ ಕನ್ಸೋಲ್ ಇಲ್ಲಿ ಮಾಡಿಸಿ. ಕಂಪನಿಯ ಮರದ ಪಟ್ಟಿಯನ್ನು ಹಾಗೇ ಎತ್ತಿಟ್ಟು, ಅದೇ ಅಳತೆಯ ಇನ್ನೊಂದು ಪಟ್ಟಿ ತರಿಸಿ ಅದರ ಮೇಲೆ ಬರೆಸಿ. ಮೇಲೆ ಕಾರಿಗೆ ಹೊಡೆಯುವ ಕ್ಲಿಯರ್ ಕೋಟ್ ಹೊಡೆಸಬೇಕು, ಮೊದಲು ಒಂದು ತುಣುಕಿನ ಮೇಲೆ ಹೊಡೆಸಿ ಒಂದು ಬೇಸಿಗೆ ಬಿಸಿಲಿಗಿಟ್ಟು ನೋಡಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುತ್ತದೆ, ಅಲ್ಲಿ ಹೊಲಿಗೆ ಹಾಕಬಾರದು. ಕಿಟಕಿಯ ಕಂಬಗಳ ಮೇಲೂ ಬೇಡ. ಕಸೂತಿಯಲ್ಲಿ ಕನ್ನಡಿ ಚೂರು ಇರುತ್ತದೆ, ಬ್ರೇಕ್ ಹಾಕಿದಾಗ ಮುಖ ತಾಗುವ ಕಡೆ ಕನ್ನಡಿ ಇಲ್ಲದ ವಿನ್ಯಾಸ ಕೇಳಿ. ಬಟ್ಟೆ ಬೇಗ ಬೆಂಕಿ ಹಿಡಿಯಬಾರದು, ಕಾರಿನ ಒಳಗಿನ ಸಾಮಾನಿಗೆ ಐಎಸ್ 15061 ಅನ್ನುವ ಮಾನದಂಡ ಇದೆ. ಆ ಬಟ್ಟೆಯನ್ನೇ ತಂದುಕೊಟ್ಟು ಅದರ ಮೇಲೆ ಕಸೂತಿ ಹಾಕಿಸಿ. ಒಂದು ವೈರನ್ನೂ ಕತ್ತರಿಸದೆ ಇದೆಲ್ಲ ಆಗಬೇಕು. ಕತ್ತರಿಸಿದರೆ ವಾರಂಟಿಗೆ ತಕರಾರು ಬರುತ್ತದೆ.

ಹೀಗೆ ಮಾಡಿಸಿದ್ದನ್ನು ಮುಂದೆ ಮಾರಬಹುದು ಕೂಡ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಇಲ್ಲಿ ದೊಡ್ಡ ಕಾರುಗಳು ಸಾಲಾಗಿ ಮಾರಾಟಕ್ಕೆ ಬಂದವು. ಕಂಪನಿಯಿಂದ ಬಂದ ಹಾಗೇ ಇದ್ದವು ಹೋದವು. ಆಲ್ಟರ್ ಮಾಡಿಸಿದವನ್ನು ಕೇಳುವವರಿರಲಿಲ್ಲ. ಪಟ್ಟಿ ಬಿಚ್ಚಿ ಹಳೆಯದನ್ನು ಕೂರಿಸಿದರೆ ನಿಮ್ಮದು ಮತ್ತೆ ಕಂಪನಿಯ ಕಾರು.

ಕೊನೆಗೆ ಅಂಬಾಸಿಡರ್. 1974 ಅಂದರೆ ಮಾರ್ಕ್ 2, ಅದರಲ್ಲಿ 1,489 ಸಿಸಿ ಪೆಟ್ರೋಲ್ ಎಂಜಿನ್. ಐವತ್ತು ವರ್ಷ ತುಂಬಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಅಂತ ನಿಯಮ ತಂದಿದೆ. ಮುಖ್ಯ ಷರತ್ತು: ಚಾಸಿಸ್, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ಬಾಡಿ ಕಟ್ಟಿಸಿದ ದಿನವೇ ಆ ಹಕ್ಕು ಹೋಯಿತು. ಇನ್ನು ಆ ನೋಂದಣಿಯ ಗಾಡಿಯನ್ನು ದಿನಾ ಮಿಲ್ಲಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಗೆ ಹೋಗಿ ಬರುವುದು, ಅಷ್ಟಕ್ಕೇ.

ಈಗ ಮಾಡಬೇಕಾದ್ದು ರಿಪೇರಿ. ಮೊದಲು ನೆಲದ ತಗಡು, ಬಾಗಿಲ ಕೆಳಗಿನ ಸಿಲ್ ನೋಡಿಸಿ. ಶೆಡ್‌ನಲ್ಲಿ ಹೊಟ್ಟಿನ ದೂಳು ಸಂದಿಗಳಲ್ಲಿ ತುಂಬಿ ತೇವ ಹಿಡಿದಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಮೊನೊಕಾಕ್ ಗಾಡಿಯಲ್ಲಿ ಸಿಲ್ ಹೋದರೆ ಬೆನ್ನೆಲುಬು ಹೋದಂತೆ, ಅದಕ್ಕೆ ಪುಟ್ಟಿ ತುಂಬಲು ಬಿಡಬೇಡಿ, ಅದೇ ದಪ್ಪದ ತಗಡು ಬೆಸೆಯಬೇಕು. ಬೆಸೆಯುವಾಗ ಬಾಡಿಗೆ ಕೆಳಗಿನಿಂದ ಆಸರೆ ಕೊಟ್ಟಿರಬೇಕು, ಇಲ್ಲದಿದ್ದರೆ ಆಮೇಲೆ ಬಾಗಿಲು ಕೂರುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ರಬ್ಬರನ್ನು ತಿನ್ನುತ್ತದೆ. ಪೈಪು, ಪಂಪಿನ ಡಯಾಫ್ರಾಂ, ಕಾರ್ಬ್ಯುರೇಟರ್ ವಾಷರ್‌ಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಇದಕ್ಕೆಲ್ಲ ನಿಮ್ಮ ಬಜೆಟ್‌ನ ಸಣ್ಣ ಪಾಲು ಸಾಕು. ಆ ಕೆಲಸಕ್ಕೆ ಹೊರ ರಾಜ್ಯವೂ ಬೇಕಾಗಿಲ್ಲ. ಅಂಬಾಸಿಡರ್ ಬಿಚ್ಚಿ ಕಟ್ಟಿದ ಹಿರಿಯ ಮೇಸ್ತ್ರಿಗಳು ಹೊಸಪೇಟೆ, ಗಂಗಾವತಿಯಲ್ಲಿ ಇನ್ನೂ ಸಿಗುತ್ತಾರೆ, ಹುಡುಕಿ.

ವಿಂಟೇಜ್ ನೋಂದಣಿಯ ಕಾಗದದ ಕೆಲಸ ಹೀಗೆ. ಫಾರಂ 20ರಲ್ಲಿ ಅರ್ಜಿ, ಜೊತೆಗೆ ಇನ್ಶೂರೆನ್ಸ್, ಹಳೆಯ ಆರ್‌ಸಿ. ಸರ್ಕಾರದ ಸಮಿತಿ ಗಾಡಿ ನೋಡಿ ಒಪ್ಪಿದರೆ ಹತ್ತು ವರ್ಷಕ್ಕೆ ನೋಂದಣಿ, ಶುಲ್ಕ 20,000 ರೂಪಾಯಿ. ಹೊಸದಾಗಿ ನೋಂದಣಿ ಆಗುವ ವಿಂಟೇಜ್ ಗಾಡಿಗೆ ವಿಎ ಸರಣಿಯ ನಂಬರ್ ಬರುತ್ತದೆ. ಮೊದಲೇ ನೋಂದಣಿ ಇದ್ದರೆ ಹಳೆಯ ನಂಬರ್ ಉಳಿಸಿಕೊಳ್ಳಬಹುದು, ಅಂದರೆ ನಿಮ್ಮ ತಂದೆಯವರ ನಂಬರ್ರೇ. ಆರ್‌ಸಿ ಕಳೆದಿದ್ದರೆ ಕೊಪ್ಪಳದಲ್ಲಿ ಹುಡುಕಿ ದಿನ ಕಳೆಯಬೇಡಿ. ಕೊಪ್ಪಳ ಜಿಲ್ಲೆ ಆದದ್ದೇ 1997ರಲ್ಲಿ. 1974ರಲ್ಲಿ ನಿಮ್ಮ ಊರು ರಾಯಚೂರು ಜಿಲ್ಲೆಯಲ್ಲಿತ್ತು. ಗಾಡಿಯ ನಂಬರ್, ಚಾಸಿಸ್ ನಂಬರ್ ಬರೆದುಕೊಂಡು ಮೊದಲು ರಾಯಚೂರು ಆರ್‌ಟಿಒ ಕಚೇರಿಯ ಹಳೆಯ ರಿಜಿಸ್ಟರ್ ತೆಗೆಸಿ.